ಸಾಕಿದ ಊರು: ಮುಳ್ಳೇರಿಯ

ಪುತ್ತಿಗೆ,
3 ಜೂನ್ 2024

ಸದ್ಯಕ್ಕೆ ಕುಮಾರಿಯಾಗಿರುವ ಎಲ್ವಿಟಾ ಬಾಯಿಯವರ ದಿವ್ಯ ಸನ್ನಿಧಾನಕ್ಕೆ,

ನಿನ್ನ ದೊಡ್ಡಪ್ಪನ ಏಕೈಕ ಪುತ್ರನೂ ಪುತ್ತಿಗೆ ಮನೆಯ ಏಕೈಕ ಬುದ್ಧಿವಂತನೂ ಆದ ಮೆರ್ವಿನ್ ಮಾಡುವ ವಿಜ್ಞಾಪನೆ. ವಾಟ್ಸಾಪಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀ. ಕುಟುಂಬದ ಗ್ರೂಪಿನಿಂದ ರೇಮಂಡ್ ಬಾಪ್ಪು, ಅಂದರೆ ನನ್ನ ಚಿಕ್ಕಪ್ಪ, ನಿನ್ನ ಪೂಜ್ಯ ಪಪ್ಪ, ನನ್ನನ್ನು ಗಡೀಪಾರು ಮಾಡಿದ್ದಾರೆ. ಆದರೆ ಅಂಚೆ ಇಲಾಖೆಯನ್ನು ಬ್ಲಾಕ್ ಮಾಡುವ ಗುಂಡಿಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಆದಕಾರಣ ಈ ಪತ್ರ.

ನನ್ನ ಅಪರಾಧ ಎಂತದ್ದು? ಐರ್ಲೆಂಡಿನ ದೊಡ್ಡ ಅಂಗಡಿಯಲ್ಲಿ ಹೊರದೇಶದಿಂದ ಬಂದ ಮಾಂಸದ ಲೇಬಲ್ ಪರೀಕ್ಷೆ ಮಾಡುವುದು ನಿನ್ನ ಕೆಲಸ ಅಂತ ಈಸ್ಟರಿಗೆ ಗ್ರೂಪಿನಲ್ಲಿ ಜಂಬ ಕೊಚ್ಚಿದ್ದು ನೀನು. ಎಲ್ಲಿ ಹುಟ್ಟಿದ್ದು, ಎಲ್ಲಿ ಸಾಕಿದ್ದು, ಎಲ್ಲಿ ಕೊಯ್ದದ್ದು ಅಂತ ಮಾಂಸದ ಮೇಲೆ ಬರೆದಿರಬೇಕು ಅಂದದ್ದೂ ನೀನು. ನಾನು ಅದನ್ನು ಸ್ವಲ್ಪ ಮುಂದುವರಿಸಿದೆ, ಅಷ್ಟೆ. 'ಮೇ ತಿಂಗಳಿನಿಂದ ಕುಟುಂಬದ ಔತಣಗಳಲ್ಲಿ ಬಡಿಸುವ ಹಂದಿಮಾಂಸಕ್ಕೂ ಇದು ಅನ್ವಯಿಸತಕ್ಕದ್ದು' ಅಂತ ಒಂದು ಸುತ್ತೋಲೆ ಬರೆದು, ಕೆಳಗೆ 'ಯುರೋಪ್ ಪ್ರತಿನಿಧಿ: ಎಲ್ವಿಟಾ' ಅಂತ ಹಾಕಿದೆ. ಬಾಪ್ಪು ನಂಬಿದರೆ ತಪ್ಪು ನನ್ನದಾ? ಸೀತಾಂಗೋಳಿಯಲ್ಲಿ ಕೋಲ್ಡ್ ಸ್ಟೋರೇಜ್ ಅಂತ ಬೋರ್ಡು ಹಾಕಿ ಮಾಂಸದ ಅಂಗಡಿ ನಡೆಸುವ ಮನುಷ್ಯ ವಿಚಾರಿಸಿ ನೋಡಬೇಕಿತ್ತು.

ನೀನು ಕಳಕೊಂಡದ್ದು ಎಂತ ಅಂತ ಕೇಳು. ನನ್ನ ಅಕ್ಕ ಜೋಯ್ಸಳ ಮಗುವಿನ ನಾಮಕರಣದ ಊಟ. ಹಂದಿಯ ದೊಡ್ಡ ಪಾತ್ರೆಗೆ ಬಾಪ್ಪು ಹಗ್ಗದಲ್ಲಿ ರಟ್ಟು ಕಟ್ಟಿದ್ದಾರೆ. ಫಾದರ್ ಪ್ರಾರ್ಥನೆಗೆ ನಿಂತವರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು: 'ಹುಟ್ಟಿದ್ದು: ಗೊತ್ತಿಲ್ಲ. ಸಾಕಿದ್ದು: ಬಾಯಾರಿನ ಪುರಂದರ. ಕೊಯ್ದದ್ದು: ನಾನೇ, ರೇಮಂಡ್.' ಇಡೀ ಚಪ್ಪರ ಒಕ್ಕೊರಲಿನಿಂದ 'ಆಮೆನ್' ಅಂದಿತು.

ಶಿಕ್ಷೆ ರದ್ದುಪಡಿಸಬೇಕಾಗಿ ಕೋರಿಕೆ.

ಇತಿ ನಿರಪರಾಧಿ,
ಮೆರ್ವಿನ್

*

ಕಾರ್ಕ್, ಐರ್ಲೆಂಡ್
27 ಜೂನ್ 2024

ಕೋತಿ ಮೆರ್ವಿನ್,

ಶಿಕ್ಷೆ ರದ್ದಾಗುವುದಿಲ್ಲ. ನಿನ್ನಿಂದಾಗಿ ಪಪ್ಪ ನನಗೆ ಫೋನ್ ಮಾಡಿ, 'ಮಗಳೇ, ಸೋರ್ಪೊತೆಲ್ ಸಾರಿಗೆ ರಕ್ತ ಒಂದು ಹಂದಿಯದ್ದು, ಮಾಂಸ ಇನ್ನೊಂದರದ್ದು ಆದರೆ ಎರಡು ಲೇಬಲ್ ಬೇಕಾ?' ಅಂತ ಕೇಳಿದರು. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿತ್ತು.

ಮತ್ತೆ ನಿನ್ನ ಸುತ್ತೋಲೆಯಲ್ಲಿ ತಪ್ಪುಂಟು. ಸುಳ್ಳು ಬರೆಯುವವನು ಸರಿಯಾಗಿ ಓದಿ ಬರೆಯಬೇಕು ಮಾರಾಯ. ಹುಟ್ಟಿದ ದೇಶ ಬರೆಯಲೇಬೇಕು ಅಂತ ಇಲ್ಲಿ ಇರುವುದು ದನದ ಮಾಂಸಕ್ಕೆ. ಹಂದಿ, ಕುರಿ, ಕೋಳಿಗೆ ಸಾಕಿದ್ದು ಎಲ್ಲಿ, ಕೊಯ್ದದ್ದು ಎಲ್ಲಿ, ಅವೆರಡೇ ಕಡ್ಡಾಯ. ಹುಟ್ಟಿದ್ದು ಎಲ್ಲಿ ಅಂತ ಕಾನೂನು ಹಂದಿಯನ್ನು ಕೇಳುವುದಿಲ್ಲ. ನನಗೆ ಆ ನಿಯಮ ಇಷ್ಟ.

ಮೊನ್ನೆ ಒಂದು ಪ್ಯಾಕ್ ಬಂತು. ಮೇಲೆ ಇಲ್ಲಿಯ ಹಸಿರು ಗುಡ್ಡ, ಕಲ್ಲಿನ ಬೇಲಿ, ನಗುವ ರೈತ. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬೇರೆಯೇ ದೇಶದ ಹೆಸರು. ವಾಪಸ್ ಕಳಿಸಿದೆ. ಬೇರೆ ದೇಶದ್ದು ಅನ್ನುವುದು ತಪ್ಪಲ್ಲ, ಅದನ್ನು ಅಡಗಿಸುವುದು ತಪ್ಪು. ಹಾಗೆ ಟಿಪ್ಪಣಿಯಲ್ಲಿ ಬರೆದೆ. ಬರೆದ ಮೇಲೆ ಆ ದಿನ ನನಗೆ ಊಟ ಸೇರಲಿಲ್ಲ.

ಅದಿರಲಿ. ಅಜ್ಜಿ ಹೇಗಿದ್ದಾರೆ? ಸಂಬಂಧ ಕೇಳಿ ಬಂದ ಹುಡುಗರನ್ನು ಈಗಲೂ 'ಯಾವ ಇಗರ್ಜಿ, ಯಾವ ಮನೆ' ಅಂತ ಕೇಳುತ್ತಾರಾ? ಸುಮ್ಮನೆ ಕೇಳಿದೆ. ಪತ್ರದಲ್ಲೇ ಉತ್ತರ ಬರಿ. ಫೋನಿನಲ್ಲಿ ಬೇಡ. ಪಪ್ಪ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು, ನಾನು ತುಂಬಾ ಗುಟ್ಟಿನಲ್ಲಿ ಹೇಳಿದ್ದಕ್ಕೂ ಹಿಂದಿನಿಂದ ಯಾರೋ ಗಿರಾಕಿ 'ಹೌದಾ?' ಅನ್ನುತ್ತಾರೆ.

ಎಲ್ವಿಟಾ

*

ಪುತ್ತಿಗೆ,
19 ಜುಲೈ 2024

ಕಾರ್ಕ್ ಪೀಠಾಧೀಶ್ವರಿಗೆ,

ಸುಮ್ಮನೆ ಕೇಳಿದ ಪ್ರಶ್ನೆಗೆ ಸುಮ್ಮನೆ ಉತ್ತರ: ಹೌದು, ಕೇಳುತ್ತಾರೆ. ಜೋಯ್ಸಕ್ಕನ ಮೊದಲ ಸಂಬಂಧ ಮುರಿದದ್ದು ನಿನಗೆ ನೆನಪುಂಟಲ್ಲ? ಹುಡುಗ ಎತ್ತರ ಇದ್ದ, ಕಾರಿತ್ತು, ಹಲ್ಲೂ ಸಾಲಾಗಿತ್ತು. ಅಜ್ಜಿ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಎಂತದೋ ಕೇಳಿದರು. ವಾಪಸ್ ಬಂದು 'ಬೇಡ' ಅಂದರು. ಮನೆತನ ಸರಿ ಇಲ್ಲ ಅಂತ ಆಗಿರಬೇಕು ಎಂದು ಮಮ್ಮಿಯ ತೀರ್ಮಾನ. ಜೋಯ್ಸಕ್ಕ ಒಂದು ಮಳೆಗಾಲ ಪೂರ್ತಿ ಅತ್ತಳು, ಆಮೇಲೆ ಈ ಭಾವ ಸಿಕ್ಕಿದ, ಈಗ ಆ ಹುಡುಗನ ಹೆಸರೂ ಅವಳಿಗೆ ಸರಿಯಾಗಿ ನೆನಪಿಲ್ಲ. ಆದರೆ ಅಜ್ಜಿ ಮಗ್ದಲಿನ್ ಬಾಯಿಯ ಕೋರ್ಟಿಗೆ ಮೇಲ್ಮನವಿ ಇಲ್ಲ ಎಂಬುದು ಆವತ್ತೇ ಸ್ಥಾಪನೆಯಾಯಿತು.

ಈಗ ಅಂಗಡಿಯ ಸಮಾಚಾರ. ಗಂಭೀರವಾಗಿ ಕೇಳತಕ್ಕದ್ದು. ಸುತ್ತೋಲೆ ಸುಳ್ಳು ಅಂತ ಗೊತ್ತಾದ ಮೇಲೂ ಬಾಪ್ಪು ಲೇಬಲ್ ಬಿಡಲಿಲ್ಲ. ಗಿರಾಕಿಗಳಿಗೆ ಅಭ್ಯಾಸ ಆಗಿಬಿಟ್ಟಿದೆ. 'ರೇಮಂಡ್, ಇವತ್ತು ಸಾಕಿದ್ದು ಯಾರು?' ಅಂತ ಕೇಳುತ್ತಾರೆ. 'ಪುರಂದರ, ಹಲಸಿನ ಸಿಪ್ಪೆ-ರೆಚ್ಚೆ ತಿನ್ನಿಸಿ' ಅಂದರೆ ಸಾಲು ನಿಲ್ಲುತ್ತದೆ. ಪುರಂದರನಿಗೆ ಈಗ ಎಷ್ಟು ಗತ್ತು ಅಂದರೆ ಹಂದಿಗೂಡಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋಗುತ್ತಾನೆ.

ಅದೇ ಹುರುಪಿನಲ್ಲಿ ಬಾಪ್ಪು ಮಂಗಳೂರಿನಿಂದ ವಿದೇಶದ ಸಾಸೇಜ್ ತರಿಸಿದರು. ಪ್ಯಾಕಿನ ಮೇಲೆ ಆಮದು ಮಾಡಿದವನ ವಿಳಾಸ, ದೇಶದ ಹೆಸರು, ತಾರೀಕು, ಮಾಂಸಾಹಾರದ ಕಂದು ಗುರುತು, ಎಲ್ಲ ಕ್ರಮಪ್ರಕಾರ. ಕರಿದು ಅಜ್ಜಿಯ ಬಟ್ಟಲಿಗೆ ಹಾಕಿದೆವು. ನಿನಗೆ ಗೊತ್ತಲ್ಲ, ಒಂದು ತುಂಡು ಬಾಯಿಗೆ ಹಾಕಿ 'ಇದು ಬಾಯಾರಿನ ಕಡೆಯದ್ದು, ಇದಕ್ಕೆ ಹೋಟೆಲಿನ ತಂಗಳು ಹಾಕಿದ್ದಾರೆ' ಅಂತ ಹೇಳುವ ನಾಲಿಗೆ ಅದು. ಅಗಿದರು, ಅಗಿದರು, ಕಣ್ಣು ಮುಚ್ಚಿ ಅಗಿದರು. ಕೊನೆಗೆ, 'ಇದನ್ನು ಯಾರೂ ಸಾಕಿದ್ದಲ್ಲ' ಅಂದರು.

ಬಾಪ್ಪು ಉಳಿದ ಪ್ಯಾಕುಗಳನ್ನು ಮುಕ್ಕಾಲು ಬೆಲೆಗೆ ಮಾರುತ್ತಿದ್ದಾರೆ.

ಈಗ ನೀನು ಹೇಳು. 'ಸುಮ್ಮನೆ'ಯ ಹೆಸರೆಂತ?

ಮೆರ್ವಿನ್

*

ಕಾರ್ಕ್
13 ಆಗಸ್ಟ್ 2024

ಮೆರ್ವಿನ್,

ನಗಬೇಡ. ಯಾರಿಗೂ ಹೇಳಬೇಡ. ನಿನಗೆ ಅರ್ಥ ಆಗುವ ಭಾಷೆಯಲ್ಲೇ ಬರೆಯುತ್ತೇನೆ.

ಪದಾರ್ಥ: ಐವನ್.
ವಿವರ: ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್.
ಸಿಕ್ಕಿದ ಸ್ಥಳ: ನಮ್ಮ ಅಂಗಡಿಯ ಮಾಂಸದ ಕಪಾಟಿನ ಎದುರು.
ಬೆರಕೆ: ಇಲ್ಲ. ಸುಳ್ಳು ಹೇಳಲಿಕ್ಕೆ ಬರುವುದಿಲ್ಲ.
ಕೊನೆಯ ದಿನಾಂಕ: ಇಲ್ಲದಿರಲಿ ಅಂತ ನನ್ನ ಆಸೆ.

ಜನವರಿ ಕೊನೆಗೆ ರಜೆ ಸಿಗುತ್ತದೆ. ಆಗಲೇ ಮದುವೆ ಆಗಬಹುದಾ ಅಂತ ಕೇಳುತ್ತಿದ್ದಾನೆ. ಅಜ್ಜಿ ಒಪ್ಪದೆ ನಾನು ಆಗುವುದಿಲ್ಲ. ನನ್ನನ್ನು ಎತ್ತಿ ಆಡಿಸಿದ ಕೈ, ಆ ಕೈ ತಲೆ ಮೇಲೆ ಇಲ್ಲದೆ ಎಂತ ಮದುವೆ? ಅವರಿಗೆ ಹೇಗೆ ಹೇಳುವುದು ಅಂತ ಯೋಚಿಸಿ ಬರಿ.

ಎಲ್ವಿಟಾ

*

ಪುತ್ತಿಗೆ,
3 ಸೆಪ್ಟೆಂಬರ್ 2024

ಕಾರಣ ಕೇಳಿ ನೋಟೀಸು

ಇವರಿಗೆ: ಎಲ್ವಿಟಾ, ಲೇಬಲ್ ಪರೀಕ್ಷಕಿ.
ವಿಷಯ: ಅಪೂರ್ಣ ಲೇಬಲಿನೊಂದಿಗೆ ವರನನ್ನು ಮಾರುಕಟ್ಟೆಗೆ ಬಿಟ್ಟ ಬಗ್ಗೆ.

ಮೇಡಂ, 13ನೇ ತಾರೀಕಿನ ತಮ್ಮ ಲೇಬಲನ್ನು ಪರಿಶೀಲಿಸಲಾಯಿತು. ಹುಟ್ಟಿದ ಊರು ಇಲ್ಲ. ಆಗಲಿ, ಹಂದಿಗೆ ಬೇಡ ಅಂತ ತಾವೇ ಹೇಳಿದ್ದೀರಿ. ಆದರೆ ಸಾಕಿದ ಊರು? ಅದು ಕಡ್ಡಾಯ ಅಂತ ಬರೆದ ಕೈ ಯಾವುದು? ದೇಶದ ಹೆಸರನ್ನು ಅಡಗಿಸಿದ ಪ್ಯಾಕನ್ನು ವಾಪಸ್ ಕಳಿಸಿದ ಕೈ ಯಾವುದು?

ನನ್ನ ಬುದ್ಧಿ ಕೂಡಲೇ ಕೆಲಸ ಮಾಡಿತು. ಹೆಸರು ಐವನ್. ಸಿಕ್ಕಿದ್ದು ಐರ್ಲೆಂಡಿನಲ್ಲಿ. ಊರಿನ ಹೆಸರು ಹೇಳಲಿಕ್ಕೆ ನಿನಗೆ ಹೆದರಿಕೆ. ಅಂದರೆ ಹುಡುಗ ಆಮದು! ಬಿಳಿಯ! ಹೇಳಬಾರದಿತ್ತಾ ಮಾರಾಯ್ತಿ, ನಾವೇನು ತಿನ್ನುತ್ತೇವಾ?

ಗುಟ್ಟು ಗುಟ್ಟಾಗಿಯೇ ಉಂಟು. ನಾನು ಬಾಪ್ಪುವಿಗೆ ಮಾತ್ರ ಹೇಳಿದ್ದು. ಬಾಪ್ಪು ಸ್ಪೀಕರಿನಲ್ಲಿ ನಿನ್ನ ಮಮ್ಮಿಗೆ ಮಾತ್ರ ಹೇಳಿದ್ದು. ಅಂಗಡಿಯಲ್ಲಿ ಆಗ ಹೆಚ್ಚು ಜನ ಇರಲಿಲ್ಲ. ಈಗ ಸಿದ್ಧತೆ ಹೀಗುಂಟು: ಬಾಪ್ಪು ಮುಳ್ಳುಚಮಚ ತಂದಿದ್ದಾರೆ, ಅದರಲ್ಲಿ ನೀರುದೋಸೆ ತಿಂದು ಅಭ್ಯಾಸ ಮಾಡುತ್ತಿದ್ದಾರೆ, ದೋಸೆ ಗೆಲ್ಲುತ್ತಾ ಉಂಟು. ನಿನ್ನ ಮಮ್ಮಿ ಖಾರ ಇಲ್ಲದ ಹಂದಿ ಮಾಡಿ ನೋಡಿದರು. ಅದನ್ನು ತಿಂದ ನಾಯಿ ನಮ್ಮನ್ನು ಬಹಳ ಹೊತ್ತು ನೋಡಿತು.

ಅಜ್ಜಿ ಮಾತ್ರ ಈ ಗಡಿಬಿಡಿಗೆ ಸೇರಲಿಲ್ಲ. ಜಗಲಿಯಲ್ಲಿ ಕುಳಿತು ಅಂಚೆಯ ಬಟ್ಯಣ್ಣನ ಸೈಕಲ್ ಬರುತ್ತದಾ ಅಂತ ನೋಡುವುದು ಜಾಸ್ತಿ ಆಗಿದೆ, ಅಷ್ಟೆ.

ಉತ್ತರ ಬಾರದಿದ್ದಲ್ಲಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.

ಮೆರ್ವಿನ್, ಮುಖ್ಯ ನಿರೀಕ್ಷಕ

*

ಕಾರ್ಕ್
25 ಸೆಪ್ಟೆಂಬರ್ 2024

ಮೆರ್ವಿನ್,

ನಿನ್ನ ನೋಟೀಸು ಐವನಿಗೆ ಓದಿ ಹೇಳಿದೆ. ನೀರುದೋಸೆಯ ಹತ್ತಿರ ಬರುವಾಗ ಅವನು ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಅಂಗಡಿಯಲ್ಲಿ ಮೊದಲು ಅವನನ್ನು ನೋಡಿದಾಗ ಒಂದು ಪ್ಯಾಕ್ ಕೈಯಲ್ಲಿ ಹಿಡಿದು, 'ಇದನ್ನು ಸಾಕಿದ್ದು ಎಲ್ಲಿ ಮಾರಾಯಾ' ಅಂತ ತನ್ನಷ್ಟಕ್ಕೆ ಕನ್ನಡದಲ್ಲಿ ಹೇಳುತ್ತಿದ್ದ. ಬಿಳಿಯ ಅಲ್ಲ. ನಮ್ಮ ಮುಳ್ಳೇರಿಯದವನು.

ಈಗ ನಗು ನಿಲ್ಲಿಸಿ ಓದು. ನೀನು ಕೇಳಿದ ಎರಡು ಸಾಲು ಬರೆಯುತ್ತೇನೆ.

ಹುಟ್ಟಿದ ಊರು: ಗೊತ್ತಿಲ್ಲ. ಹಸಿ ಮಗುವಾಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವನು. ತಂದೆ ತಾಯಿ ಯಾರು, ಯಾವ ಜಾತಿ, ಯಾವ ಮನೆ, ಒಂದೂ ಗೊತ್ತಿಲ್ಲ. ಸಾಕಿದ ಊರು: ಮುಳ್ಳೇರಿಯ, ಸಿಸ್ಟರ್‌ಗಳು ನಡೆಸುವ ಮಕ್ಕಳ ಮನೆ. ಹೆಸರು ಕೊಟ್ಟದ್ದೂ ಅವರೇ.

ಅವನು ಅಡಗಿಸಲಿಲ್ಲ ಮೆರ್ವಿನ್. ಎರಡನೇ ಸಲ ಸಿಕ್ಕಿದಾಗಲೇ ಹೇಳಿದ. ಮೊದಲು ಹೇಳಿದ್ದು ಬಸ್ ಸ್ಟ್ಯಾಂಡಿನ ಕತೆ ಅಲ್ಲ. ಮಕ್ಕಳ ಮನೆಯಲ್ಲಿ ಅಡುಗೆ ಮಾಡುವ ದಮಯಂತಿಯಕ್ಕನ ಹುರುಳಿ ಚಟ್ನಿಯ ಕತೆ. ಅಡಗಿಸಿದ್ದು ನಾನು. ಮದುವೆ ಕಾಗದದಲ್ಲಿ 'ಇಂಥವರ ಮಗ' ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ಎಂತ ಹಾಕುವುದು? 'ಯಾವ ಮನೆ' ಅಂತ ಅಜ್ಜಿ ಕೇಳಿದರೆ ಅವನು ಎಂತ ಹೇಳುವುದು? ಜೋಯ್ಸಕ್ಕನ ಹುಡುಗನಿಗೆ ಮನೆಯಾದರೂ ಇತ್ತು.

ಅಜ್ಜಿ 'ಬೇಡ' ಅಂದರೆ ಐವನ್ ನನ್ನನ್ನು ದೂರುವುದಿಲ್ಲ. 'ನನಗೆ ಅಭ್ಯಾಸ ಉಂಟು' ಅನ್ನುತ್ತಾನೆ. ಅದೇ ನನಗೆ ತಡೆಯುವುದಿಲ್ಲ.

ಅಜ್ಜಿಗೆ ನಾನೇ ಹೇಳುತ್ತೇನೆ, ಕ್ರಿಸ್ಮಸ್ ಕಳೆಯಲಿ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು. ಒಂದು ಸಲ, ಒಂದೇ ಸಲ, ತಮಾಷೆ ಮಾಡದೆ.

ಎಲ್ವಿಟಾ

*

ಕಾರ್ಕ್
29 ಅಕ್ಟೋಬರ್ 2024

ಮೆರ್ವಿನ್,

ಯಾಕೆ ಉತ್ತರ ಇಲ್ಲ? ತಮಾಷೆ ಮಾಡಬೇಡ ಅಂದದ್ದಕ್ಕೆ ಬರೆಯಲಿಕ್ಕೇ ಬರುವುದಿಲ್ಲವಾ?

ಭಾನುವಾರ ಮನೆಗೆ ಫೋನ್ ಮಾಡಿದೆ. ಪಪ್ಪ ಹವೆಯ ಬಗ್ಗೆ ಮಾತಾಡಿದರು. ನನ್ನ ಪಪ್ಪ ಹವೆಯ ಬಗ್ಗೆ ಯಾವತ್ತು ಮಾತಾಡಿದ್ದುಂಟು? ಮಮ್ಮಿ ಮೂಗು ಎಳೆಯುವುದು ಕೇಳಿತು, ಶೀತ ಅಂದರು. ಅಜ್ಜಿ ದೂರದಿಂದ ಒಂದೇ ಪ್ರಶ್ನೆ ಕೂಗಿ ಕೇಳಿದರು: 'ಅಲ್ಲಿ ಸಿಹಿಗುಂಬಳ ಸಿಗುತ್ತದಾ?' ಸಿಗುತ್ತದೆ ಅಂದೆ. 'ಹಾಂ' ಅಂದರು.

ಅವರಿಗೆ ಗೊತ್ತಾಗಿದೆ, ಅಲ್ವಾ? ಬೇಡ ಅಂದರಾ? ಏನಿದ್ದರೂ ಬರಿ. ಐವನ್ ಕೇಳುವುದನ್ನು ಬಿಟ್ಟಿದ್ದಾನೆ. ದಿನಾ ಪೆಟ್ಟಿಗೆಯಲ್ಲಿ ಪತ್ರ ಉಂಟಾ ಅಂತ ನೋಡಿ, ನೋಡಲೇ ಇಲ್ಲ ಅನ್ನುವ ಹಾಗೆ ಮೆಟ್ಟಿಲು ಹತ್ತುತ್ತಾನೆ.

ಎಲ್ವಿಟಾ

*

ಪುತ್ತಿಗೆ,
8 ನವೆಂಬರ್ 2024

ತನಿಖಾ ವರದಿ

ಎಲ್ವಿಟಾ, ನಿನ್ನ ಎರಡು ಪತ್ರವೂ ಬಂತು. ತಡವಾದದ್ದಕ್ಕೆ ನಾನು ಕಾರಣ ಅಲ್ಲ. 'ಪೂರ್ತಿ ಆಗದೆ ಬರೆಯಬಾರದು' ಅಂತ ಮೇಲಧಿಕಾರಿಯ ಆಜ್ಞೆ ಇತ್ತು.

ಮೇಲಧಿಕಾರಿ ಯಾರು? ಇಲ್ಲಿ ಒಂದು ಸಂಗತಿ ನಿನಗೆ ತಿಳಿಸದೆ ಉಳಿದದ್ದುಂಟು. ಪುತ್ತಿಗೆ ಮನೆಗೆ ಬಂದ ಕಾಗದವನ್ನು ಒಡೆಯುವ ಹಕ್ಕು ಯಾರದ್ದು? ಅಜ್ಜ ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ಕಾಲದಿಂದಲೂ ಯಾರದ್ದು? ವಿಳಾಸದಲ್ಲಿ ಯಾರ ಹೆಸರಿದ್ದರೂ ಬಟ್ಯಣ್ಣ ಕೊಡುವುದು ಮಗ್ದಲಿನ್ ಬಾಯಿಯ ಕೈಗೆ. ಅವರು ಒಡೆದು, ಓದಿ, ಅನ್ನದ ಅಗುಳಿನಲ್ಲಿ ಅಂಟಿಸಿ ನನಗೆ ಕೊಡುತ್ತಾರೆ. ನಿನ್ನ ಮೊದಲ ಪತ್ರದಿಂದಲೂ. ನನ್ನನ್ನು ಕೋತಿ ಅಂದದ್ದಕ್ಕೆ 'ಸರಿಯಾಗಿ ಬರೆದಿದ್ದಾಳೆ' ಅಂದರು. ಫೋನಿನಿಂದ ತಪ್ಪಿಸಿಕೊಂಡು ನೀನು ನೇರ ಹುಲಿಯ ಗುಹೆಗೆ ಬರೆಯುತ್ತಿದ್ದೆ. ಹೇಳಿದರೆ ನೀನು ಬರೆಯುವುದನ್ನು ನಿಲ್ಲಿಸುತ್ತೀಯ ಅಂತ ನಾನೂ ಹೇಳಲಿಲ್ಲ.

ಸೆಪ್ಟೆಂಬರಿನ ಪತ್ರ ಬಂದ ದಿನ ಅಜ್ಜಿ ಅದನ್ನು ಅಂಟಿಸಲಿಲ್ಲ. ಬಿಚ್ಚಿಯೇ ನನ್ನ ಕೈಗೆ ಕೊಟ್ಟರು. 'ನಾಳೆ ಮುಳ್ಳೇರಿಯಕ್ಕೆ ಹೋಗ್ಲಿಕ್ಕುಂಟು' ಅಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಮೂರು ತಮಾಷೆ ಮಾಡಿದೆ, ಮೂರೂ ಸತ್ತುಹೋದವು.

ಮಕ್ಕಳ ಮನೆಯ ಸಿಸ್ಟರ್ ಬಂದು ಕುರ್ಚಿ ಹಾಕಿದರು, ದಾಖಲೆ ತೆಗೆಯಲಿಕ್ಕೆ ಹೊರಟರು. ಅಜ್ಜಿ ಕುಳಿತುಕೊಳ್ಳಲಿಲ್ಲ. 'ಕಾಗದ ಬೇಡ. ಅಡುಗೆ ಕೋಣೆ ಎಲ್ಲಿ?' ಅಂದರು.

ಅಲ್ಲಿ ದಮಯಂತಿಯಕ್ಕ ಇದ್ದರು. ಗಟ್ಟಿ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ ತೆಂಗಿನಕಾಯಿ ತುರಿಯುತ್ತಿದ್ದರು. ಅಜ್ಜಿ ಹೋಗಿ ಮಣೆ ಎಳೆದು ಎದುರು ಕುಳಿತರು. 'ಐವನಿಗೆ ಊಟ ಹಾಕಿದ್ದು ನೀವಾ?'

'ನಾನೇ. ಯಾಕೆ? ಹುಡುಗನಿಗೆ ಎಂತ ಆಯಿತು?' ಅನ್ನುತ್ತಾ ಅವರು ತುರಿಯುವುದನ್ನು ನಿಲ್ಲಿಸಿದರು.

'ಎಂತದೂ ಆಗಲಿಲ್ಲ. ಮದುವೆ ಆಗುತ್ತಾನಂತೆ. ನನ್ನ ಮೊಮ್ಮಗಳನ್ನು. ಎಂತ ಹಾಕುತ್ತಿದ್ದಿರಿ?'

ಆಮೇಲೆ ನಡೆದದ್ದನ್ನು ಗಂಭೀರವಾಗಿ ದಾಖಲಿಸಲು ನನ್ನಿಂದ ಸಾಧ್ಯವಿಲ್ಲ. ದಮಯಂತಿಯಕ್ಕ ತುರಿಮಣೆ ಬಿಟ್ಟು ಒಂದು ಸಲ ಅತ್ತರು, ಒಂದು ಸಲ ನಕ್ಕರು, ಮತ್ತೆ ಬಡಿಸಿದರು. ಕುಚ್ಚಲು ಗಂಜಿ, ಹುರುಳಿ ಚಟ್ನಿ, ಸಿಹಿಗುಂಬಳದ ಪಲ್ಯ. ಬಡಿಸುತ್ತಾ ಹೇಳಿದರು: 'ಎಲ್ಲ ತಿನ್ನುತ್ತಿದ್ದ, ಸಿಹಿಗುಂಬಳ ಒಂದು ಬಿಟ್ಟು. ಅದನ್ನು ನನಗೆ ಕಾಣದ ಹಾಗೆ ಚಡ್ಡಿಯ ಕಿಸೆಗೆ ಹಾಕುತ್ತಿದ್ದ. ಬಟ್ಟೆ ಒಗೆಯುವುದೂ ನಾನೇ ಅಲ್ವಾ? ಕಿಸೆ ಕಿಸೆಯಲ್ಲಿ ಸಿಹಿಗುಂಬಳ! ಕೇಳಿದರೆ ಮಗುವಿಗೆ ನಾಚಿಕೆ ಆಗುತ್ತದೆ ಅಂತ ನಾನು ಕೇಳಲಿಲ್ಲ. ಪಲ್ಯ ಇದ್ದ ದಿನ ಅವನ ಬಟ್ಟಲಿಗೆ ಚಟ್ನಿ ಸ್ವಲ್ಪ ಹೆಚ್ಚು ಹಾಕುತ್ತಿದ್ದೆ.'

ಅಜ್ಜಿ ಕಣ್ಣು ಮುಚ್ಚಿ ಗಂಜಿ ಉಂಡರು. ಆ ಸಾಸೇಜ್ ತಿಂದ ದಿನದ ಹಾಗೆಯೇ. ನಾನು ದೇವರ ಹೆಸರೆಲ್ಲ ಹೇಳಿದೆ. ಕೊನೆಗೆ ಕಣ್ಣು ತೆರೆದು, 'ಇವರು ಸಾಕಿದ ಹುಡುಗ. ಸಾಕು' ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಧೈರ್ಯ ಮಾಡಿ ಕೇಳಿದೆ: 'ಮತ್ತೆ ಹುಟ್ಟಿದ್ದು ಎಲ್ಲಿ ಅಂತ ಗೊತ್ತಿಲ್ಲವಲ್ಲ ಅಜ್ಜಿ?'

'ಗಾಡಿಯವನು ಹಂದಿಮರಿ ತರುತ್ತಾನಲ್ಲ, ಅದರ ತಾಯಿ ಯಾವ ಊರಿನದ್ದು ಅಂತ ನಾನು ಯಾವತ್ತಾದರೂ ಕೇಳಿದ್ದುಂಟಾ? ರುಚಿ ಬರುವುದು ಸಾಕಿದ ಕೈಯಿಂದ.'

'ಹಾಗಾದರೆ ಜೋಯ್ಸಕ್ಕನ ಆ ಹುಡುಗ? ಮನೆತನ ಸರಿ ಇಲ್ಲ ಅಂತ...'

'ಯಾರು ಹೇಳಿದ್ದು? ಮನೆತನ ಬೇಕಾದಷ್ಟಿತ್ತು. ಚಿಕ್ಕಂದಿನಲ್ಲಿ ನಿನಗೆ ಊಟ ಹಾಕಿದ್ದು ಯಾರು ಮಗಾ ಅಂತ ಕೇಳಿದೆ. ಯಾರೋ ಕೆಲಸದವಳು ಇದ್ದಳು, ಹೆಸರು ನೆನಪಿಲ್ಲ ಅಂದ. ಹತ್ತು ವರ್ಷ ಉಂಡು ಹೆಸರು ನೆನಪಿಲ್ಲ! ಇವನು ನೋಡು, ಎರಡನೇ ದಿನವೇ ಹೆಸರು ಹೇಳಿದ್ದಾನೆ, ಚಟ್ನಿ ಸಮೇತ.'

ಹುಡುಗನನ್ನು ಹಂದಿಗೆ ಹೋಲಿಸಿದ್ದಕ್ಕೆ ಐವನಿಗೆ ಬೇಸರ ಆಗಬಾರದಲ್ಲ ಅಂದೆ. 'ನಮ್ಮ ಹಂದಿಯನ್ನು ನಾನು ಎಷ್ಟು ಚಂದ ಮಾಡಿ ಸಾಕುತ್ತೇನೆ ಅಂತ ಬರಿ' ಅಂದರು. ಬರೆದಿದ್ದೇನೆ.

ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಐವನ ತಲೆಗೆ ಮೊದಲ ತೆಂಗಿನ ಹಾಲು ಎರೆಯುವವರು, ತಾಯಿಯ ಜಾಗದಲ್ಲಿ, ದಮಯಂತಿಯಕ್ಕ. 'ನಾನು ನಿಮ್ಮ ಜಾತಿಯವಳಲ್ಲವಲ್ಲ' ಅಂದದ್ದಕ್ಕೆ ಅಜ್ಜಿ, 'ತೆಂಗಿನಕಾಯಿಗೆ ಎಂತ ಜಾತಿ? ತುರಿಯುವ ಕೈ ಬೇಕು' ಅಂದರು. ಬಾಪ್ಪು ಮುಳ್ಳುಚಮಚ ವಾಪಸ್ ಕೊಡಲಿಕ್ಕೆ ಹೋದರು, ಅಂಗಡಿಯವನು ತೆಗೆದುಕೊಳ್ಳಲಿಲ್ಲ. ಈಗ ಅದರಲ್ಲಿ ಪುರಂದರ ಹಂದಿಯ ಬೆನ್ನು ತುರಿಸುತ್ತಾನೆ.

ಮದುವೆ ಕಾಗದದ ಕರಡು ಇದರೊಂದಿಗೆ ಉಂಟು. ಆ ಸಾಲನ್ನು ಅಜ್ಜಿಯೇ ಬರೆದದ್ದು:

'ಪುತ್ತಿಗೆಯ ರೇಮಂಡರ ಮಗಳು ಎಲ್ವಿಟಾ ಹಾಗೂ ಮುಳ್ಳೇರಿಯದಲ್ಲಿ ದಮಯಂತಿಯವರೂ ಸಿಸ್ಟರ್‌ಗಳೂ ಸಾಕಿದ ಐವನ್.'

ಪ್ರೆಸ್ಸಿನವನು, 'ಹೀಗೆ ಯಾರೂ ಹಾಕುವುದಿಲ್ಲ ಬಾಯಿ' ಅಂದ. ಅಜ್ಜಿ, 'ಯುರೋಪಿನಲ್ಲಿ ಇದು ಕಾನೂನು' ಅಂದರು.

ಇತಿ ನಿನ್ನ ಕೋತಿ,
ಮೆರ್ವಿನ್

*

ಕಾರ್ಕ್
26 ನವೆಂಬರ್ 2024

ಪ್ರೀತಿಯ ಮೆರ್ವಿನ್, ಮತ್ತು ಮೊದಲು ಓದುತ್ತಿರುವ ಪ್ರೀತಿಯ ಅಜ್ಜಿ,

ಕರಡಿಗೆ ಅನುಮೋದನೆ ಕೊಡಲಾಗಿದೆ. ಒಂದು ಅಕ್ಷರ ತಿದ್ದಬೇಡಿ. ವೃತ್ತಿಯಲ್ಲಿ ಇಷ್ಟು ಸರಿಯಾದ ಲೇಬಲ್ ನಾನು ನೋಡಿಲ್ಲ.

ಪತ್ರವನ್ನು ಐವನಿಗೆ ಓದಿ ಹೇಳಿದೆ. ಬಸ್ಸು, ಅಡುಗೆ ಕೋಣೆ, ಗಂಜಿ, ಎಲ್ಲದಕ್ಕೂ ನಗುತ್ತಲೇ ಇದ್ದ. ಕಿಸೆಯ ಹತ್ತಿರ ಬರುವಾಗ ನಗು ನಿಂತಿತು. 'ಇನ್ನೊಮ್ಮೆ ಓದು' ಅಂದ. ಓದಿದೆ.

'ಅವರಿಗೆ ಗೊತ್ತಿತ್ತಾ?' ಅಂದ.

ಅಷ್ಟು ಮಕ್ಕಳ ನಡುವೆ ತನ್ನ ಬಟ್ಟಲನ್ನು ಯಾರೂ ನೋಡುತ್ತಿರಲಿಲ್ಲ ಅಂತಲೇ ಇಷ್ಟು ವರ್ಷ ತಿಳಿದಿದ್ದನಂತೆ. 'ಆ ದಿನ ಚಟ್ನಿ ಜಾಸ್ತಿ ಇರುತ್ತಿತ್ತು ಎಲ್ವಿ, ನಿಜ. ನನ್ನ ಅದೃಷ್ಟ ಅಂತ ಎಣಿಸಿದ್ದೆ' ಅಂದ. ಮತ್ತೆ ಎದ್ದು ಹೋಗಿ ಕಿಟಕಿ ತೆರೆದ. ತಿರುಗಿದಾಗ ಮುಖ ತುಂಬಾ ನಗು, ಕಣ್ಣು ತುಂಬಾ ನೀರು, ನಾನು ಎರಡಕ್ಕೂ ಟವೆಲ್ ಕೊಟ್ಟೆ.

ಮೆರ್ವಿನ್, ನಿನ್ನನ್ನು ಅನ್‌ಬ್ಲಾಕ್ ಮಾಡಿದ್ದೇನೆ. ಆದರೂ ಪತ್ರ ಬರೆಯುತ್ತಿರು. ಅಜ್ಜಿಗೆ ಓದಲಿಕ್ಕೆ ಬೇಕಲ್ಲ.

ಅಜ್ಜಿ, ಮದುವೆಯ ಊಟಕ್ಕೆ ಐವನದ್ದು ಒಂದೇ ಬೇಡಿಕೆ. ಹಂದಿ ನಿಮ್ಮ ಇಷ್ಟ, ಖಾರ ನಿಮ್ಮ ಇಷ್ಟ. ದಮಯಂತಿಯಕ್ಕ ಅವರ ಕೈಯಾರೆ ಸಿಹಿಗುಂಬಳದ ಪಲ್ಯ ಮಾಡಿ ಬಡಿಸಬೇಕಂತೆ. ಈ ಸಲ ತಿನ್ನುತ್ತಾನಂತೆ.

ಸೂಟಿಗೆ ಕಿಸೆ ಇಡಬೇಡ ಅಂತ ದರ್ಜಿಗೆ ನಾನು ಈಗಲೇ ಹೇಳಿಟ್ಟಿದ್ದೇನೆ.

ನಿಮ್ಮ
ಎಲ್ವಿಟಾ